ಈ ವರ್ಷವೇ ಹೊಸ ಸ್ಲೆಡ್ ಕೊಳ್ಳಲೇ, ಕಾಯಲೇ?

ಫೆಬ್ರವರಿ ಮುಗಿಯುತ್ತ ಬಂದಂತೆ ಪ್ರತಿ ವರ್ಷವೂ ನನ್ನ ಫೋನು ಒಂದೇ ಪ್ರಶ್ನೆಯನ್ನು ಹೊತ್ತು ತರುತ್ತದೆ. ಮುಂದಿನ ಚಳಿಗಾಲದ ಸ್ನೋಮೊಬೈಲ್ (ನಾವು ಸ್ಲೆಡ್ ಎನ್ನುವ, ಹಿಮದ ಮೇಲೆ ಓಡುವ ಬಂಡಿ) ಮಾದರಿಗಳನ್ನು ಕಂಪನಿಗಳು ಪ್ರಕಟಿಸುವುದು ಸರಿಸುಮಾರು ಆ ಹೊತ್ತಿಗೇ. ಮುಂಗಡ ಕೊಟ್ಟು ಕಾಯ್ದಿರಿಸಲು ಸಿಗುವ ಅವಕಾಶ ಕೆಲವೇ ವಾರಗಳದ್ದು; ಬಂಡಿ ಕೈಸೇರುವುದು ಶರತ್ಕಾಲದಲ್ಲಿ ಅಥವಾ ಮೊದಲ ಹಿಮ ಬೀಳುವ ಹೊತ್ತಿಗೆ. ಕೆನಡಾದ ಕ್ಯಾಲ್ಗರಿಯಲ್ಲಿರುವ ಕನ್ನಡಿಗ ಮಿತ್ರರು, ನನ್ನ ಜೊತೆ ಒಂದೆರಡು ಬಾರಿ ಗೋಲ್ಡನ್ ಅಥವಾ ರೆವೆಲ್‌ಸ್ಟೋಕ್‌ನ ಬೆಟ್ಟಗಳಿಗೆ ಬಂದು ಹೋದ ಸಹೋದ್ಯೋಗಿಗಳು, ಅವರ ಪರಿಚಯದವರು, ಎಲ್ಲರೂ ಕೇಳುವುದು ಒಂದನ್ನೇ: ಈ ವರ್ಷವೇ ಹೊಸದನ್ನು ಬುಕ್ ಮಾಡಲೇ, ಇನ್ನೊಂದು ವರ್ಷ ಕಾಯಲೇ? ಹತ್ತರಲ್ಲಿ ಎಂಟು ಮಂದಿಗೆ ನಾನು ಕಾಯಿರಿ ಎಂದೇ ಹೇಳುತ್ತೇನೆ. ಅದಕ್ಕೆ ಕಾರಣ ಹಣವೊಂದೇ ಅಲ್ಲದಿರುವುದರಿಂದ ಉತ್ತರವನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಊರಿನಿಂದ ಓದುವವರಿಗಾಗಿ ಒಂದು ಮಾತು. ಗುಲ್ಮಾರ್ಗದಲ್ಲಿ ಪ್ರವಾಸಿಗರನ್ನು ಹಿಂದೆ ಕೂರಿಸಿಕೊಂಡು ಸುತ್ತು ಹೊಡೆಸುವ ಬಂಡಿಗಳನ್ನು ನೀವು ನೋಡಿರಬಹುದು. ಪರ್ವತ ಸ್ನೋಮೊಬೈಲ್ ಅದೇ ಜಾತಿಯದಾದರೂ ಸ್ವಭಾವದಲ್ಲಿ ಬೇರೆ. ಸೊಂಟದವರೆಗೆ ಹೂಳುವ ಪುಡಿಹಿಮದಲ್ಲಿ ಮುಳುಗದೆ ಕಡಿದಾದ ಇಳಿಜಾರನ್ನು ಹತ್ತಬೇಕಾದ್ದರಿಂದ ಅದರ ರಬ್ಬರ್ ಟ್ರ್ಯಾಕ್ (ಹಿಂದಿನ ಚಕ್ರದ ಬದಲು ಉರುಳುವ ಪಟ್ಟಿ) 154 ಅಥವಾ 165 ಅಂಗುಲದಷ್ಟು ಉದ್ದವಿರುತ್ತದೆ, ಟ್ರ್ಯಾಕಿನ ಹಲ್ಲುಗಳು ಎರಡೂವರೆಯಿಂದ ಮೂರು ಅಂಗುಲದಷ್ಟು ಎತ್ತರವಿರುತ್ತವೆ. ಸುಮಾರು 200 ಕಿಲೋ ತೂಕದ ಈ ಬಂಡಿಯನ್ನು ಓಡಿಸುವುದು 850 ಸಿಸಿ ಆಸುಪಾಸಿನ, ಸುಮಾರು 165 ಅಶ್ವಶಕ್ತಿಯ ಎರಡು ಸ್ಟ್ರೋಕಿನ ಎಂಜಿನ್. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯ ಹಿಂದೆ ಕುಳಿತು ಬೆಳೆದ ನನಗೆ, ಮೊದಲ ಸಲ ಇದನ್ನು ಚಾಲೂ ಮಾಡಿದಾಗ ಮೂಗಿಗೆ ಬಡಿದ ಸುಟ್ಟ ಎಣ್ಣೆಯ ವಾಸನೆಯೇ ಅರ್ಧ ಮನಸ್ಸನ್ನು ಗೆದ್ದಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಕೊಳ್ಳುವ ನಿರ್ಧಾರಕ್ಕೆ ಅದು ಒಳ್ಳೆಯ ಆಧಾರವಲ್ಲ.

ಕೇಳುವವರಲ್ಲಿ ಹೆಚ್ಚಿನವರು ಮೊದಲು ಎತ್ತುವುದು ಟರ್ಬೊ, ಅಂದರೆ ಎಂಜಿನಿಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಕಾಯ್ದುಕೊಳ್ಳುವ ಸಾಧನದ ವಿಷಯವನ್ನು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ, ಸಾಮಾನ್ಯ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು ಶೇಕಡಾ 3ರಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹಾಗಾಗಿ ಸಮುದ್ರಮಟ್ಟದಲ್ಲಿ 165 ಅಶ್ವಶಕ್ತಿಯಿದ್ದ ಬಂಡಿ 7,000 ಅಡಿ ತಲುಪುವಾಗ 130ಕ್ಕೆ ಇಳಿದಿರುತ್ತದೆ, 11,000 ಅಡಿಯಲ್ಲಿ 110ರ ಆಸುಪಾಸಿನಲ್ಲಿರುತ್ತದೆ. ಮೊದಲು ಟರ್ಬೊ ಬೇಕೆಂದವರು ಹೊರಗಿನಿಂದ ಜೋಡಿಸಿಕೊಳ್ಳಬೇಕಿತ್ತು. 2020ರ ಮಾದರಿಯಾಗಿ ಸ್ಕೀ-ಡೂ ಕಾರ್ಖಾನೆಯಲ್ಲೇ ಟರ್ಬೊ ಅಳವಡಿಸಿದ ಎರಡು ಸ್ಟ್ರೋಕಿನ ಎಂಜಿನನ್ನು ತಂದಿತು, ಎರಡು ವರ್ಷದ ಬಳಿಕ ಪೊಲಾರಿಸ್ ಕೂಡ ತಂದಿತು. ಕೊಲೊರಾಡೊದಲ್ಲಿ 11,000 ಅಡಿಯ ಮೇಲೆ ಓಡಿಸುವವರಿಗೆ ಇದು ನಿಜವಾದ ವ್ಯತ್ಯಾಸ. ನಾವು ಹೋಗುವ ಬ್ರಿಟಿಷ್ ಕೊಲಂಬಿಯಾದ ಬೆಟ್ಟಗಳಲ್ಲಿ ಓಡಾಟವೆಲ್ಲ ಬಹುಪಾಲು 6,000ದಿಂದ 8,000 ಅಡಿಯೊಳಗೆ ಮುಗಿಯುತ್ತದೆ. ಅಲ್ಲಿ ಕಳೆದುಹೋದ ಮೂವತ್ತು ನಲವತ್ತು ಅಶ್ವಶಕ್ತಿಯ ಕೊರತೆಯನ್ನು ಮೂರನೆಯ ಋತುವಿನ ಸವಾರ ಗುರುತಿಸಬಲ್ಲನೇ ಹೊರತು ಮೊದಲನೆಯ ಋತುವಿನವನಲ್ಲ. ಮೊದಲ ವರ್ಷ ನಮ್ಮನ್ನು ಹಿಮದಲ್ಲಿ ಹೂಳಿಸುವುದು ಶಕ್ತಿಯ ಕೊರತೆಯಲ್ಲ, ತಪ್ಪಾದ ಜಾಗದಲ್ಲಿ ಥ್ರಾಟಲ್ ಬಿಟ್ಟುಬಿಡುವ ಹೆಬ್ಬೆರಳು.

ಇನ್ನು ಲೆಕ್ಕಕ್ಕೆ ಬರೋಣ. ಹೊಸ ಪರ್ವತ ಸ್ಲೆಡ್ ಇಲ್ಲಿ 20,000 ಕೆನಡಾ ಡಾಲರನ್ನು ಸಲೀಸಾಗಿ ದಾಟುತ್ತದೆ. 22,000ಕ್ಕೆ ಕೊಂಡು ಮೂರು ಚಳಿಗಾಲಗಳ ನಂತರ 13,000ಕ್ಕೆ ಮಾರಿದಿರಿ ಎಂದಿಟ್ಟುಕೊಳ್ಳಿ. ಕರಗಿದ್ದು 9,000. ಕೆಲಸ, ಮಕ್ಕಳ ಶಾಲೆ, ರೋಜರ್ಸ್ ಪಾಸ್ ಹೆದ್ದಾರಿ ಮುಚ್ಚುವ ದಿನಗಳು, ಹಿಮಕುಸಿತದ ಅಪಾಯ ಹೆಚ್ಚಿರುವ ವಾರಾಂತ್ಯಗಳು ಇವನ್ನೆಲ್ಲ ಕಳೆದರೆ ನಮ್ಮಂಥ ನೌಕರಿಯವರಿಗೆ ಒಂದು ಋತುವಿನಲ್ಲಿ ದಕ್ಕುವುದು ಹತ್ತು ದಿನ. ಅಂದರೆ ಮೂವತ್ತು ದಿನಕ್ಕೆ 9,000 ಡಾಲರ್, ದಿನಕ್ಕೆ 300. ಇದರ ಮೇಲೆ ವಿಮೆ, ಟ್ರೇಲರ್, ಪ್ರತಿ ಬೆಟ್ಟದಲ್ಲೂ ಸ್ಥಳೀಯ ಕ್ಲಬ್‌ಗೆ ಕೊಡಬೇಕಾದ ಪ್ರವೇಶ ಶುಲ್ಕ, ಹರಿದುಹೋಗುವ ಡ್ರೈವ್ ಬೆಲ್ಟು, ಪೆಟ್ರೋಲು, ಎಣ್ಣೆ. ನಾನು ಕೊನೆಯ ಬಾರಿ ಬಾಡಿಗೆಗೆ ತೆಗೆದುಕೊಂಡಾಗ ದಿನಕ್ಕೆ 500 ಡಾಲರಿನಷ್ಟು ಬಿದ್ದಿತ್ತು. ಋತುವಿಗೆ ನಾಲ್ಕೇ ದಿನ ಹೋಗುವವರಿಗೆ ಬಾಡಿಗೆಯೇ ಅಗ್ಗ, ಹದಿನೈದು ದಿನ ಹೋಗುವವರಿಗೆ ಸ್ವಂತದ್ದೇ ಅಗ್ಗ. ಆದ್ದರಿಂದ ಫೋನು ಮಾಡಿದವರಿಗೆ ನಾನು ಹಾಕುವ ಮರುಪ್ರಶ್ನೆ ಇಷ್ಟೇ: ಕಳೆದ ಚಳಿಗಾಲದಲ್ಲಿ ನೀವು ಎಷ್ಟು ದಿನ ಹೋದಿರಿ? ಮುಂದಿನ ಚಳಿಗಾಲದಲ್ಲಿ ಎಷ್ಟು ದಿನ ಹೋಗುತ್ತೀರಿ ಎಂದು ಕೇಳಿದರೆ ಎಲ್ಲರೂ ಇಪ್ಪತ್ತು ಎನ್ನುತ್ತಾರೆ.

ವಸಂತದ ಮುಂಗಡ ಬುಕಿಂಗಿಗೂ ಅದರದ್ದೇ ಆದ ಆಕರ್ಷಣೆಯಿದೆ. ಆಗ ಮಾತ್ರ ಸಿಗುವ ಮಾದರಿಗಳಿರುತ್ತವೆ, ಟ್ರ್ಯಾಕಿನ ಉದ್ದ, ಬಣ್ಣ, ಶಾಕ್ ಅಬ್ಸಾರ್ಬರುಗಳನ್ನು ನಾವೇ ಆರಿಸಬಹುದು, ಸಾಮಾನ್ಯವಾಗಿ ಒಂದು ವರ್ಷದ ವಾರಂಟಿಯ ಮೇಲೆ ಹೆಚ್ಚುವರಿ ವರ್ಷಗಳನ್ನೂ ಸೇರಿಸುತ್ತಾರೆ. ಆ ಹೆಚ್ಚುವರಿ ವಾರಂಟಿಗೆ ಬೆಲೆಯಿಲ್ಲ ಎನ್ನಲಾರೆ. ಆದರೆ 154 ಅಂಗುಲ ಬೇಕೋ 165 ಬೇಕೋ ಎಂದು ಇನ್ನೂ ತಿಳಿಯದವರು ಆರಿಸುವ ಹಕ್ಕಿಗಾಗಿ ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ. ಬಜಾಜ್ ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾದ ತಲೆಮಾರಿನ ಮಕ್ಕಳಾದ ನಮಗೆ, ಬುಕಿಂಗ್ ಎಂದ ಕೂಡಲೇ ಈಗ ಬಿಟ್ಟರೆ ಮತ್ತೆ ಸಿಗದು ಎಂಬ ಆತಂಕ ರಕ್ತದಲ್ಲೇ ಇದೆಯೋ ಏನೋ. ಕೋವಿಡ್ ನಂತರದ ಎರಡು ಚಳಿಗಾಲಗಳಲ್ಲಿ ಆ ಆತಂಕ ನಿಜವೂ ಆಗಿತ್ತು: ಬಿಡಿಭಾಗಗಳ ಕೊರತೆಯಿಂದ ಬುಕ್ ಮಾಡಿದವರಿಗೂ ಬಂಡಿಗಳು ತಡವಾಗಿ ಬಂದವು, ಹಳೆಯವುಗಳ ಬೆಲೆ ಏರಿತು. ಆಮೇಲೆ 2023–24ರ ಎಲ್ ನಿನೊ ಚಳಿಗಾಲದಲ್ಲಿ ಹಿಮವೇ ಸರಿಯಾಗಿ ಬೀಳಲಿಲ್ಲ. ಮಾರಾಟವಾಗದ ಬಂಡಿಗಳು ಡೀಲರುಗಳ ಅಂಗಳದಲ್ಲಿ ಉಳಿದವು, ರಿಯಾಯಿತಿಗಳು ಶುರುವಾದವು, ಕಂಪನಿಗಳು ಉತ್ಪಾದನೆಯನ್ನೇ ತಗ್ಗಿಸಿದವು. ಕಾದವರು ಆ ವರ್ಷ ಗೆದ್ದರು.

ಅದೇ ಹೊತ್ತಿನಲ್ಲಿ ಮಾರುಕಟ್ಟೆಯೂ ಕಿರಿದಾಗಿದೆ. ಆರ್‌ಎಕ್ಸ್ 100 ಮೂಲಕ ನಮ್ಮೂರಿನ ಬೀದಿಬೀದಿಗೆ ಎರಡು ಸ್ಟ್ರೋಕಿನ ಸದ್ದನ್ನು ತಂದ ಯಮಾಹಾ, 2025ರ ಮಾದರಿಗಳೇ ಉತ್ತರ ಅಮೆರಿಕದಲ್ಲಿ ತನ್ನ ಕೊನೆಯ ಸ್ನೋಮೊಬೈಲುಗಳೆಂದು 2023ರಲ್ಲೇ ಹೇಳಿಬಿಟ್ಟಿತು. ಇನ್ನೊಂದು ಸ್ನೋಮೊಬೈಲ್ ಕಂಪನಿಯಾದ ಆರ್ಕ್ಟಿಕ್ ಕ್ಯಾಟ್‌ನ ಕಾರ್ಖಾನೆಯಲ್ಲಿ ಉತ್ಪಾದನೆ ನಿಲ್ಲಿಸುವುದಾಗಿ ಅದರ ಒಡೆತನ ಹೊಂದಿದ್ದ ಟೆಕ್ಸ್‌ಟ್ರಾನ್ 2024ರ ಕೊನೆಯಲ್ಲಿ ಪ್ರಕಟಿಸಿ, 2025ರಲ್ಲಿ ಆ ಕಂಪನಿಯನ್ನು ಮಾರಿತು. ಹೀಗಿರುವಾಗ ಬಂಡಿ ಎಷ್ಟು ಚೆನ್ನಾಗಿದೆ ಎಂಬುದಕ್ಕಿಂತ, ಐದು ವರ್ಷದ ನಂತರ ಅದರ ಬಿಡಿಭಾಗ ಇಟ್ಟುಕೊಂಡಿರುವ ಅಂಗಡಿ ನೂರು ಕಿಲೋಮೀಟರಿನೊಳಗೆ ಇರುತ್ತದೆಯೇ ಎಂದು ಯೋಚಿಸುವುದು ಒಳ್ಳೆಯದು.

ಹೊಸ ವಿನ್ಯಾಸದ ಮೊದಲ ವರ್ಷದ ಮಾದರಿಯ ಬಗ್ಗೆ ನನ್ನದು ಕಟ್ಟುನಿಟ್ಟಿನ ನಿಲುವು: ಬೇಡ. ಒಮ್ಮೆ ನಾನೂ ಹಾಗೆ ಬುಕ್ ಮಾಡಿದ್ದೆ. ಜನವರಿಯ ಮೊದಲ ವಾರದಲ್ಲಿ ಒಂದು ಸಣ್ಣ ಭಾಗ ಒಡೆಯಿತು. ಹೊಸ ವಿನ್ಯಾಸವಾದ್ದರಿಂದ ಆ ಭಾಗ ಯಾರ ಬಳಿಯೂ ಇರಲಿಲ್ಲ. ಐದು ವಾರಗಳ ಬಳಿಕ ಅದು ಬಂತು, ವಾರಂಟಿಯಲ್ಲಿ ಪುಕ್ಕಟೆಯಾಗಿಯೇ ಬಂತು, ಅಷ್ಟರಲ್ಲಿ ಆ ವರ್ಷದ ಅತ್ಯುತ್ತಮ ಹಿಮ ಬಿದ್ದು, ಬೇರೆಯವರ ಟ್ರ್ಯಾಕಿನಡಿ ತುಳಿಸಿಕೊಂಡು ಗಟ್ಟಿಯಾಗಿತ್ತು.

ಕಾಯುವುದೆಂದರೆ ಎಲ್ಲಿಯವರೆಗೆ? ನವೆಂಬರಿನಲ್ಲಿ ಮೊದಲ ಹಿಮ ಬಿದ್ದಾಗ ಎಲ್ಲರಿಗೂ ಸ್ಲೆಡ್ ಬೇಕು, ಆಗ ಹಳೆಯ ಬಂಡಿಗೂ ಹೊಸದರ ಗತ್ತು. ಏಪ್ರಿಲ್ ಕೊನೆಗೆ ಅದೇ ಬಂಡಿ ಯಾರದೋ ಗ್ಯಾರೇಜಿನಲ್ಲಿ ದೋಣಿಗೆ ಜಾಗ ಬಿಡಬೇಕಾದ ಅಡಚಣೆಯಾಗಿರುತ್ತದೆ. ಎರಡು ಅಥವಾ ಮೂರು ವರ್ಷ ಹಳೆಯ, 2,000 ಕಿಲೋಮೀಟರಿನಷ್ಟು ಓಡಿದ ಬಂಡಿಯನ್ನು ಏಪ್ರಿಲ್–ಜೂನ್ ನಡುವೆ ಹುಡುಕುವುದು, ಅಥವಾ ಡೀಲರ ಬಳಿ ಉಳಿದ ಕಳೆದ ವರ್ಷದ ಹೊಸ ಬಂಡಿಗೆ ಚೌಕಾಸಿ ಮಾಡುವುದು ನನ್ನ ಸಲಹೆ. ಕ್ಯಾಲ್ಗರಿಯಿರುವ ಆಲ್ಬರ್ಟಾ ಪ್ರಾಂತ್ಯದಲ್ಲಿ ಡೀಲರಿಂದ ಕೊಂಡರೆ ಶೇಕಡಾ 5ರ ಜಿಎಸ್‌ಟಿ ಬೀಳುತ್ತದೆ, ಖಾಸಗಿಯವರಿಂದ ಕೊಂಡರೆ ಬೀಳುವುದಿಲ್ಲ. ಈ ಪ್ರಮಾಣದ ಬೆಲೆಗೆ ಅದೇ ಸಾವಿರದ ಹತ್ತಿರ ಹೋಗುತ್ತದೆ. ಹಳೆಯದನ್ನು ನೋಡಲು ಹೋದಾಗ ಎಂಜಿನಿನ ಎರಡು ಸಿಲಿಂಡರುಗಳ ಕಂಪ್ರೆಷನ್ (ಒಳಗಿನ ಒತ್ತಡ) ಅಳೆಯಿಸಿ, ಎರಡೂ ಹತ್ತಿರಹತ್ತಿರ ಇರಬೇಕು. ಟನಲ್ (ಟ್ರ್ಯಾಕಿನ ಮೇಲಿನ ಲೋಹದ ಚೌಕಟ್ಟು) ಬಾಗಿದೆಯೇ ನೋಡಿ. ಟ್ರ್ಯಾಕಿನ ಹಲ್ಲುಗಳು ಹರಿದಿವೆಯೇ ಬೆರಳಾಡಿಸಿ ನೋಡಿ. ಮಾಲೀಕ ನೀವು ಬರುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಅದು ತಣ್ಣಗಾಗುವವರೆಗೆ ಚಹಾ ಕುಡಿಯುತ್ತ ಕೂತಿದ್ದು, ತಣ್ಣಗಿರುವಾಗ ಹೇಗೆ ಚಾಲೂ ಆಗುತ್ತದೆಂದು ನೋಡಿ.

ಉಳಿಸಿದ ಹಣದ ಒಂದು ಪಾಲು ಎಲ್ಲಿಗೆ ಹೋಗಬೇಕೆಂಬುದರಲ್ಲಿ ನಾನು ರಾಜಿಯಾಗುವುದಿಲ್ಲ. 2010ರ ಮಾರ್ಚ್ 13ರಂದು ರೆವೆಲ್‌ಸ್ಟೋಕ್ ಬಳಿಯ ಬೌಲ್ಡರ್ ಪರ್ವತದಲ್ಲಿ, ಸ್ಲೆಡ್‌ಗಳು ಇಳಿಜಾರು ಹತ್ತುವುದನ್ನು ನೋಡಲು ನೆರೆದಿದ್ದ ಗುಂಪಿನ ಮೇಲೆ ಹಿಮ ಕುಸಿದು ಇಬ್ಬರು ಸತ್ತರು, ಹಲವರು ಗಾಯಗೊಂಡರು. ಹಿಮದಡಿ ಹೂತವರು ಬದುಕುವ ಸಾಧ್ಯತೆ ಮೊದಲ ಹತ್ತು ನಿಮಿಷಗಳ ನಂತರ ಬೇಗ ಬೇಗ ಕುಸಿಯುತ್ತದೆ, ಅಷ್ಟರೊಳಗೆ ಹೊರಗಿನ ರಕ್ಷಣಾ ತಂಡ ಬರಲಾರದು. ಅಗೆದು ತೆಗೆಯಬೇಕಾದವರು ಪಕ್ಕದಲ್ಲಿರುವ ಸಂಗಡಿಗರೇ. ಟ್ರಾನ್ಸೀವರ್ (ಹೂತವರನ್ನು ಹುಡುಕಲು ಸಂಕೇತ ಕಳಿಸುವ, ಹಿಡಿಯುವ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ಇವಿಷ್ಟೂ ಪ್ರತಿಯೊಬ್ಬರ ಬಳಿ ಇರಬೇಕು, ಹಿಮ ಕುಸಿದಾಗ ಉಬ್ಬಿ ಮೇಲೆ ತೇಲಿಸುವ ಬೆನ್ನಚೀಲದ ಏರ್‌ಬ್ಯಾಗ್ ಇದ್ದರೆ ಇನ್ನೂ ಒಳ್ಳೆಯದು. ಹಿಮಕುಸಿತದ ತರಬೇತಿಯ ಮೊದಲ ಹಂತವನ್ನು ಮುಗಿಸಬೇಕು, ಹೊರಡುವ ಬೆಳಿಗ್ಗೆ ಅವಲಾಂಚ್ ಕೆನಡಾದ ಮುನ್ಸೂಚನೆಯನ್ನು ಓದಬೇಕು. ಹೊಸ ಟರ್ಬೊ ಸ್ಲೆಡ್ ಇರುವ, ಟ್ರಾನ್ಸೀವರ್ ಹುಡುಕಾಟವನ್ನು ಒಮ್ಮೆಯೂ ಅಭ್ಯಾಸ ಮಾಡದ ಸ್ನೇಹಿತನ ಜೊತೆ ನಾನು ಹೋಗುವುದಿಲ್ಲ. ಈ ಮಾತಿನಿಂದ ಒಂದಿಬ್ಬರು ಮುನಿಸಿಕೊಂಡಿದ್ದಾರೆ.

ಹಾಗಾದರೆ ಈ ವರ್ಷವೇ ಬುಕ್ ಮಾಡಿ ಎಂದು ನಾನು ಯಾರಿಗೆ ಹೇಳುತ್ತೇನೆ? ಸತತ ಎರಡು ಚಳಿಗಾಲ ಹದಿನೈದು ದಿನಕ್ಕೂ ಹೆಚ್ಚು ಓಡಿಸಿದವರಿಗೆ, ಸಾಲವಿಲ್ಲದೆ ಕೊಳ್ಳಬಲ್ಲವರಿಗೆ, ತಮ್ಮ ಈಗಿನ ಬಂಡಿ ಎಲ್ಲಿ ಸಾಲದಾಯಿತು ಎಂಬುದನ್ನು ಬೆಟ್ಟದ ಹೆಸರು ಹಿಡಿದು ಹೇಳಬಲ್ಲವರಿಗೆ. ಕಳೆದ ಮಾರ್ಚಿನಲ್ಲಿ ಕೇಳಿದ ಮಿತ್ರರೊಬ್ಬರು ಈ ಮೂರರಲ್ಲಿ ಒಂದಕ್ಕೂ ಹೊಂದದೆ, ನನ್ನ ಮಾತು ಕೇಳಿ ಮೇ ತಿಂಗಳಿನವರೆಗೆ ಕಾದು, ಒಂದು ವರ್ಷ ಹಳೆಯ 154 ಅಂಗುಲದ ಬಂಡಿಯನ್ನು ಒಳ್ಳೆಯ ಬೆಲೆಗೇ ಕೊಂಡರು. ಅವರದು ಒಂಬತ್ತನೆಯ ಮಹಡಿಯ ಅಪಾರ್ಟ್‌ಮೆಂಟು ಎಂಬುದು ನಮ್ಮಿಬ್ಬರಿಗೂ ಹೊಳೆದದ್ದು ಹಣ ಕೊಟ್ಟು ಟ್ರೇಲರಿಗೆ ಹತ್ತಿಸಿದ ಮೇಲೆ. ಬಂಡಿ ಅಂದಿನಿಂದ ನನ್ನ ಗ್ಯಾರೇಜಿನಲ್ಲಿದೆ, ನನ್ನ ಕಾರು ಹೊರಗೆ ನಿಲ್ಲುತ್ತಿದೆ.