ಮುತ್ತಜ್ಜಿಯ ತವರು ಯಾವುದೆಂದು ಹುಡುಕೋದು ಹೇಗೆ?

ಮುತ್ತಜ್ಜನ ಕಡೆಯ ಏಳು ತಲೆಮಾರನ್ನು ಪಟಪಟನೆ ಹೇಳುವವರೂ ಮುತ್ತಜ್ಜಿಯ ತವರೂರು ಕೇಳಿದರೆ ತಡವರಿಸುತ್ತಾರೆ. ಬ್ರಿಟಿಷರ ಕಾಲದಲ್ಲಿ ಮದುವೆಯಾಗಿ ಬಂದ ಹೆಂಗಸಿನ ಮೂಲ ಪತ್ತೆ ಮಾಡುವುದು ಹೇಗೆ ಎಂದು ಕೇಳುವವರಿಗೆ ಮೊದಲ ಉತ್ತರ: ಆಕೆಯ ಹೆಸರಿನಲ್ಲಿ ಹುಡುಕಬೇಡಿ. ಮಗನ ಕಾಗದ, ಅಪ್ಪನ ಕಾಗದ, ಅಣ್ಣತಮ್ಮಂದಿರ ಕಾಗದ ಹುಡುಕಿ.

ಇದಕ್ಕೆ ಕಾರಣ 'ಕೋಂ' ಎಂಬ ಒಂದಕ್ಷರ. ಹಳೇ ಮೈಸೂರಿನ ಪತ್ರಗಳಲ್ಲಿ ಗಂಡಸಿಗೆ 'ಬಿನ್' ಅಪ್ಪನ ಹೆಸರು, ಹೆಂಗಸಿಗೆ 'ಕೋಂ' ಗಂಡನ ಹೆಸರು. 'ಲಕ್ಷ್ಮಮ್ಮ ಕೋಂ ತಿಮ್ಮೇಗೌಡ' ಎಂದು ಬರೆದಲ್ಲಿಗೆ ಆಕೆಯ ಅಪ್ಪ ಮಾಯ. ಕೆಲವು ಮನೆತನಗಳಲ್ಲಿ ಮದುವೆಯ ದಿನ ಹೆಸರನ್ನೂ ಬದಲಿಸುತ್ತಿದ್ದರು. ಒಬ್ಬಳೇ ಹೆಂಗಸಿಗೆ ಎರಡು ಹೆಸರು. ತುಳುನಾಡಿನ ಅಳಿಯಸಂತಾನದವರಿಗೆ ಈ ತಾಪತ್ರಯವಿಲ್ಲ, ಅಲ್ಲಿ ವಂಶ ನಡೆಯುವುದೇ ತಾಯಿಯ ಕಡೆಯಿಂದ.

ಶ್ರಾದ್ಧ ಮಾಡುವ ಮನೆಯಾದರೆ ಮಹಾಲಯದ ತರ್ಪಣದ ಪಟ್ಟಿಗಿಂತ ಒಳ್ಳೆಯ ಆಕರವಿಲ್ಲ. ಅದರಲ್ಲಿ ಮಾತಾಮಹ, ಮಾತುಃ ಪಿತಾಮಹ, ಮಾತುಃ ಪ್ರಪಿತಾಮಹ ಎಂದು ತಾಯಿಯ ತವರಿನ ಮೂರು ತಲೆಮಾರು ಗೋತ್ರಸಮೇತ ಇರುತ್ತದೆ. ಆದರೆ ಪಟ್ಟಿ ಯಾರದೆಂದು ನೋಡಿಕೊಳ್ಳಿ: ಬೇಕಾದದ್ದು ಮುತ್ತಜ್ಜಿಯ ಮಗನದು, ಅಂದರೆ ಅಜ್ಜನದು. ಅಪ್ಪನ ಪಟ್ಟಿಯಲ್ಲಿರುವ ಮಾತಾಮಹ ಅಜ್ಜಿಯ ತಂದೆ. ಮುತ್ತಜ್ಜಿಯ ಹೆಸರಿನ ಪಕ್ಕದ ಗೋತ್ರ ಗಂಡನದು, ಅದನ್ನು ಹಿಡಿದು ಹೊರಟರೆ ಸುತ್ತಿ ಸುಳಿದು ಅದೇ ಮನೆಗೆ ಬರುತ್ತೀರಿ. ಈ ಪದ್ಧತಿ ಇಲ್ಲದವರು ಮನೆಮನೆಗೆ ಬಂದು ವಂಶಾವಳಿ ಹೇಳುವ ಹೆಳವರನ್ನು ಕೇಳಬಹುದು.

ಎರಡನೆಯದು 'ಅರಿಶಿನ ಕುಂಕುಮಕ್ಕೆ' ಎಂದು ಅಪ್ಪ ಮಗಳಿಗೆ ಜಮೀನು ಬರೆದುಕೊಟ್ಟ ದಾನಪತ್ರ. ಅಪ್ಪ, ಮಗಳು, ತವರೂರು ಮೂರೂ ಒಂದೇ ಹಾಳೆಯಲ್ಲಿ ಸಿಗುತ್ತವೆ. ಇಲ್ಲಿ ಸಾಮಾನ್ಯ ತಪ್ಪೆಂದರೆ ಗಂಡನ ಊರಿನ ಸರ್ವೆ ನಂಬರಿಗೆ ಋಣಭಾರ ಪತ್ರ ಕೇಳುವುದು. ಆ ಹುಡುಕಾಟ ಆಸ್ತಿಯ ಮೇಲೆ ನಡೆಯುತ್ತದೆ. ತವರಿನ ಜಮೀನು ಅದರಲ್ಲಿ ಬರುವುದೇ ಇಲ್ಲ. 1908ರ ನೋಂದಣಿ ಕಾಯಿದೆಯ ಪ್ರಕಾರ ವ್ಯಕ್ತಿಗಳ ಹೆಸರಿಗೇ 1ನೇ ಸೂಚಿ ಇದೆ. ನೋಂದಣಿ ಕಚೇರಿಯಲ್ಲಿ ಅದನ್ನು ಕೇಳಿ, ಆಕೆಯ ಮದುವೆಗೆ ಮುಂಚಿನ ಮತ್ತು ನಂತರದ ಎರಡೂ ಹೆಸರು ಕೊಟ್ಟು.

ಇಸವಿಯ ವಿಷಯ. 'ಧಾತು ಸಂವತ್ಸರದಲ್ಲಿ ಹುಟ್ಟಿದ್ದು' ಎಂದರೆ 1876, ಇಲ್ಲವೇ 1936. ಅರವತ್ತು ವರ್ಷಕ್ಕೊಮ್ಮೆ ಹೆಸರು ಮರಳುತ್ತದೆ. ಹಿರಿಯ ಮಗನ ವಯಸ್ಸು ನೋಡಿ ಒಂದನ್ನು ಕೈಬಿಡಿ. ಸಂವತ್ಸರ ಶುರುವಾಗುವುದು ಯುಗಾದಿಗೆ, ಹಾಗಾಗಿ ಧಾತುವಿನ ಮಾಘಮಾಸ ಬಿದ್ದದ್ದು 1877ರಲ್ಲಿ. ಮದರಾಸು ಕಡೆಯ ಕಾಗದದಲ್ಲಿ ಫಸಲಿ, ಅಂದರೆ ಕಂದಾಯದ ವರ್ಷ, ಇದ್ದರೆ 590 ಕೂಡಿಸಿ. ಫಸಲಿ 1310 ಎಂದರೆ 1900ರ ಜುಲೈಯಿಂದ ಮುಂದಿನ ಜೂನ್‌ವರೆಗೆ.

ತಾಲ್ಲೂಕಿನಲ್ಲಿ ಸಿಗದಿದ್ದರೆ ಊರು ಆಗ ಯಾರ ಕೈಯಲ್ಲಿತ್ತು ನೋಡಿ. ಧಾರವಾಡ, ಬೆಳಗಾವಿ, ವಿಜಯಪುರ ಮುಂಬಯಿ ಪ್ರಾಂತ್ಯಕ್ಕೆ. ಬಳ್ಳಾರಿ, ದಕ್ಷಿಣ ಕನ್ನಡ ಮದರಾಸಿಗೆ. ಕಲಬುರಗಿ, ರಾಯಚೂರು, ಬೀದರ್ ನಿಜಾಮನಿಗೆ. ಉತ್ತರ ಕನ್ನಡ 1862ರಲ್ಲಿ ಮದರಾಸಿನಿಂದ ಮುಂಬಯಿಗೆ ಹೋಯಿತು, ಅಲ್ಲಿಯವರು ಎರಡೂ ಕಡೆ ನೋಡಬೇಕು. ಮುಂಬಯಿ ಕಡೆಯ ಹಳೆಯ ಕಾಗದ ಮೋಡಿ ಎಂಬ ಹಳೇ ಮರಾಠಿ ಲಿಪಿಯಲ್ಲಿದ್ದರೆ ಓದುವವರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.

ಪಾಲುಪಾರೀಕತ್ತಿನ ದಾವೆಗಳಲ್ಲಿರುವ ವಂಶವೃಕ್ಷವನ್ನು ಪೂರ್ತಿ ನಂಬಬೇಡಿ, ಪಾಲಿಲ್ಲದ ಹೆಣ್ಣುಮಕ್ಕಳನ್ನು ಎಷ್ಟೋ ಸಲ ಬಿಟ್ಟೇ ಬರೆದಿರುತ್ತಾರೆ. ಇನ್ನು 'ಹೊಸಹಳ್ಳಿಯವಳು' ಎಂದಷ್ಟೇ ಸಿಕ್ಕಿದರೆ ಹಿಗ್ಗಬೇಡಿ. ಹೊಸಹಳ್ಳಿಗಳಿಗೆ ಲೆಕ್ಕವಿಲ್ಲ; ಹೋಬಳಿ ಗೊತ್ತಾಗುವವರೆಗೆ ಪೆನ್ಸಿಲಿನಲ್ಲೇ ಬರೆದಿಡಿ.