ಅಟಕಾಮಕ್ಕೊಂದು ಅರ್ಜಿ

ಚಿಲಿಯ ಅಟಕಾಮ ಮರುಭೂಮಿಯ ಅರ್ಮಾಝೋನೆಸ್ ಬೆಟ್ಟದ ಮೇಲೆ ಯುರೋಪಿಯನ್ ಸದರ್ನ್ ಅಬ್ಸರ್ವೇಟರಿ ಎಂಬ ಹಲವು ರಾಷ್ಟ್ರಗಳ ಖಗೋಳ ಸಂಸ್ಥೆ ಕಟ್ಟುತ್ತಿರುವ ದೂರದರ್ಶಕದಲ್ಲಿ ಕನ್ನಡಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ನಿನ್ನೆ ರಾತ್ರಿ ಅರ್ಜಿ ಕಳುಹಿಸಿದೆ. 39 ಮೀಟರ್ ಅಗಲದ ಅದರ ಪ್ರಧಾನ ಕನ್ನಡಿ ಅಖಂಡ ಗಾಜಲ್ಲ. ಆರು ಮೂಲೆಯ 798 ತುಂಡುಗಳ ಜೋಡಣೆ. ಮರುಭೂಮಿಯ ಧೂಳಿಗೆ ಅವುಗಳ ಹೊಳಪು ಕುಂದುವುದರಿಂದ, ಸರದಿಯಂತೆ ಒಂದೊಂದನ್ನೂ ಇಳಿಸಿ, ಹಳೆಯ ಲೇಪ ತೆಗೆದು, ಹೊಸದನ್ನು ಕೊಡುವ ಕೆಲಸ ಎಂದಿಗೂ ಮುಗಿಯುವಂಥದ್ದಲ್ಲ.

ಪರಿಚಯ ಪತ್ರದಲ್ಲಿ ನಾನು ಪದವಿಯ ವಿಷಯವನ್ನು ಒಂದೇ ಸಾಲಿನಲ್ಲಿ ಮುಗಿಸಿ, ಗಾಜು ತೊಳೆಯುವ ಬಗೆಯನ್ನೇ ವಿಸ್ತಾರವಾಗಿ ಬರೆದೆ. ಹಳೆಯ ಲೋಹದ ಲೇಪ ಕರಗಿದ ಮೇಲೆ ಶುದ್ಧ ನೀರು ಸುರಿದಾಗ ಅದು ಎಲ್ಲಿಯೂ ಹನಿಗಟ್ಟದೆ ಒಂದೇ ಪದರವಾಗಿ ಹರಡಬೇಕು. ಎಲ್ಲಾದರೂ ಒಡೆದು ನಿಂತರೆ ಅಲ್ಲಿ ಜಿಡ್ಡು ಉಳಿದಿದೆ ಎಂದರ್ಥ, ಮತ್ತೆ ಮೊದಲಿನಿಂದ ತೊಳೆಯಬೇಕು. ನಿರ್ವಾತ ಕೋಣೆಯೊಳಗೆ ಕೊನೆಗೆ ಕೂರುವ ಲೋಹದ ಪದರ ಕೂದಲೆಳೆಗಿಂತ ನೂರಾರು ಪಟ್ಟು ತೆಳು.

ಯಾರ ಗಮನಕ್ಕೂ ಬಾರದಿದ್ದರೆ ಮಾತ್ರ ಸರಿಯಾಗಿದೆ ಎನ್ನಿಸಿಕೊಳ್ಳುವ ಇಂಥ ಕೆಲಸವನ್ನು ಮುಂದಿಟ್ಟುಕೊಂಡು ತನ್ನನ್ನು ತಾನು ಹೊಗಳಿಕೊಳ್ಳುವುದು ಸುಲಭವಲ್ಲ ಎಂಬುದು ಬರೆಯುವಾಗ ಅರಿವಾಯಿತು. ಲಡಾಖಿನ ಹಾನ್ಲೆ ದೂರದರ್ಶಕವನ್ನು ಉಪಗ್ರಹದ ಮೂಲಕ ನಡೆಸುವ ಹೊಸಕೋಟೆಯ ಕಡೆಯವನು ನಾನು ಎಂಬ ಸಾಲನ್ನು ಮಾತ್ರ ಸ್ವಲ್ಪ ಹೆಮ್ಮೆಯಿಂದಲೇ ಸೇರಿಸಿದೆ. (ಅಮ್ಮನ ಚಿಂತೆ, ಚಿಲಿಯಲ್ಲಿ ರಾಗಿ ಹಿಟ್ಟು ಸಿಗುತ್ತದೆಯೇ ಎಂಬುದು.)

ಭಾರತ ಆ ಸಂಸ್ಥೆಯ ಸದಸ್ಯ ರಾಷ್ಟ್ರವಲ್ಲವಾದ್ದರಿಂದ ಕರೆ ಬರುವ ಸಾಧ್ಯತೆ ಕಡಿಮೆಯೇ. ಆದರೂ ಸ್ಪ್ಯಾನಿಷ್ ತರಗತಿಗೆ ಹೆಸರು ಕೊಟ್ಟಿದ್ದೇನೆ.