ಟಾಲಿನ್‌ನ ಮಳೆಯಲ್ಲಿ ಊರೂರಿನ ಕ್ವಾಯರ್‌ಗಳು

ಎಸ್ಟೋನಿಯಾದ ರಾಜಧಾನಿ ಟಾಲಿನ್‌ನಲ್ಲಿ ಹಾಡಿನ ಹಬ್ಬದ ಮೆರವಣಿಗೆ. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೆಸರಿನ ಫಲಕಗಳು. ಒಂದೊಂದು ಕ್ವಾಯರ್, ಅಂದರೆ ಒಟ್ಟಾಗಿ ಹಾಡುವ ತಂಡದ ಮುಂದೆಯೂ ಒಬ್ಬರು ತಂಡದ ಹೆಸರು, ಊರು ಬರೆದ ಫಲಕ ಹಿಡಿದು ನಡೆಯುತ್ತಿದ್ದರು. ಶಾಲೆಯ ಮಕ್ಕಳು, ಹಳ್ಳಿಯ ಹೆಂಗಸರು, ಮುದುಕರೇ ತುಂಬಿದ ಗಂಡಸರ ತಂಡ. ಪಟ್ಟೆ ಪಟ್ಟೆ ಉಣ್ಣೆ ಲಂಗ, ಎದೆಯ ಮೇಲೆ ದೊಡ್ಡ ಬೆಳ್ಳಿ ಪದಕ, ಎಲ್ಲದರ ಮೇಲೆ ಪ್ಲಾಸ್ಟಿಕ್ ಮಳೆ ಅಂಗಿ. ದಾರಿ ಬದಿಯ ಜನ ಫಲಕ ಓದಿ, ಆ ಊರಿನ ಹೆಸರನ್ನೇ ಕೂಗಿ "ಏಲಗು!" ಅಂತ ಜೈಕಾರ ಹಾಕುತ್ತಿದ್ದರು. ಹದಿನೈದು ಜನರ ಪುಟ್ಟ ತಂಡಕ್ಕೂ ಅಷ್ಟೇ ಜೋರು ಜೈಕಾರ. ಸ್ವಾತಂತ್ರ್ಯ ಚೌಕದಿಂದ ಸಮುದ್ರದ ಬದಿಯ ಹಾಡಿನ ಮೈದಾನದವರೆಗೆ ಸುಮಾರು ಐದು ಕಿಲೋಮೀಟರ್. ನಾನೂ ಅವರ ಜೊತೆಜೊತೆಗೇ ನಡೆದೆ.

ಇದು 2025ರ ಜುಲೈ ಮೊದಲ ವಾರ. ಎಸ್ಟೋನಿಯಾದ ಹಾಡು ಮತ್ತು ಕುಣಿತದ ಹಬ್ಬ. ಸುಮಾರು ಐದು ವರ್ಷಕ್ಕೊಮ್ಮೆ ನಡೆಯುತ್ತದೆ. ದೇಶದ ಜನಸಂಖ್ಯೆ ಹದಿಮೂರು ಲಕ್ಷ ಚಿಲ್ಲರೆ, ನಮ್ಮ ಉಡುಪಿ ಜಿಲ್ಲೆಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅದರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಹಾಡಲು ಬಂದಿದ್ದರು.

ಟಾಲಿನ್‌ನ ಹಳೇ ಪಟ್ಟಣವನ್ನು ಎಲ್ಲರೂ ಹೊಗಳುತ್ತಾರೆ. ಕಲ್ಲಿನ ಬೀದಿಗಳು ಚಂದವೇ. ಆದರೆ ಮಧ್ಯಯುಗದ ವೇಷ ತೊಟ್ಟು ಹೋಟೆಲಿಗೆ ಕರೆಯುವುದು ನನಗೆ ರುಚಿಸಲಿಲ್ಲ. ಅಲ್ಲಿ ಕಳೆದ ಹೊತ್ತಿನ ಬಗ್ಗೆ ಹೇಳುವುದೇನೂ ಇಲ್ಲ.

ಭಾನುವಾರದ ಸಂಗೀತ ಕಛೇರಿ ಬರೋಬ್ಬರಿ ಏಳು ತಾಸಿನದು. ವೇದಿಕೆ ಅಂದರೆ 1960ರಲ್ಲಿ ಕಟ್ಟಿದ ದೊಡ್ಡ ಕಮಾನು. ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಸಾವಿರಾರು ಜನ ನಿಲ್ಲಬಹುದು. ಎದುರಿಗೆ ಹುಲ್ಲಿನ ಇಳಿಜಾರು. ಆ ವಾರಾಂತ್ಯ ಮಳೆ ಬಿಡುವ ಹಾಗೆಯೇ ಕಾಣಲಿಲ್ಲ. ಆದರೂ ಜನ ಕದಲಲಿಲ್ಲ. ಮಕ್ಕಳು, ಹೆಂಗಸರು, ಗಂಡಸರು, ಮಿಶ್ರ ಕ್ವಾಯರ್‌ಗಳು ಸರದಿಯಂತೆ ಹತ್ತಿ ಇಳಿಯುತ್ತಿದ್ದರು. ಈ ಸಲ ಆಯಾ ಪ್ರದೇಶದ ನುಡಿಗಳ ಹಾಡುಗಳಿಗೆ ಹೆಚ್ಚು ಜಾಗ ಕೊಟ್ಟಿದ್ದರು. ನಡುವೆ ಮೈಕು, ಡ್ರಮ್ಸ್ ಸೇರಿಸಿದ ಕೆಲವು ಹೊಸ ಹಾಡುಗಳೂ ಇದ್ದವು. ಅಷ್ಟು ಜನರ ಗಂಟಲಿರುವಾಗ ಡ್ರಮ್ಸ್ ಯಾಕೆ ಬೇಕು? ಬರೀ ದನಿ ಕೇಳಿಸಿದಾಗಲೇ ನನಗೆ ಮೈ ಜುಮ್ಮೆಂದದ್ದು.

ವಿರಾಮದಲ್ಲಿ ಪಕ್ಕಕ್ಕೆ ಬಂದು ಕೂತವರು ಅರವತ್ತು ದಾಟಿದ ಒಬ್ಬ ಹೆಂಗಸು. ದೇಶದ ಆಗ್ನೇಯ ಮೂಲೆಯ ವೋರು ಕಡೆಯವರು. ಹಾಡುವವರಿಗೆಲ್ಲ ಅಲ್ಲಿ ಬಿಸಿ ಸೂಪ್ ಕೊಡುತ್ತಾರೆ. ಅದನ್ನು ಕುಡಿದು ಬಂದಿದ್ದರು. ಇಂಗ್ಲಿಷ್ ನಿಧಾನ, ಆದರೆ ಸ್ಪಷ್ಟ.

"ಎಷ್ಟು ದಿನ ಅಭ್ಯಾಸ ಮಾಡಿದ್ರಿ?" ಅಂತ ಕೇಳಿದೆ.

"ದಿನ ಅಲ್ಲ, ಎರಡು ಚಳಿಗಾಲ," ಅಂದರು. "ಹಾಡುಗಳ ಪುಸ್ತಕ ಮೊದಲೇ ಬರುತ್ತದೆ. ಊರಲ್ಲೇ ಕಲಿಯಬೇಕು. ಆಮೇಲೆ ಪರೀಕ್ಷೆ. ತೀರ್ಪು ಕೊಡುವವರು ಕೂತು ಕೇಳುತ್ತಾರೆ. ಪಾಸಾಗದಿದ್ದರೆ ಇಲ್ಲಿಗೆ ಬರುವಂತಿಲ್ಲ."

ಅವರು ಎರಡು ಕಡೆ ಹಾಡುತ್ತಾರೆ. ವಾರದ ನಡುವೆ ಊರಿನ ಕ್ವಾಯರ್, ಭಾನುವಾರ ಲುಥೆರನ್ ಚರ್ಚಿನ ಕ್ವಾಯರ್. ಎರಡರಲ್ಲೂ ಹೆಚ್ಚುಕಡಿಮೆ ಅದೇ ಮುಖಗಳಂತೆ. ಅವರ ಚಿಕ್ಕಮ್ಮನಿಗೆ ಮಾತ್ರ ಆ ಭಾಗ್ಯ ಇರಲಿಲ್ಲ. ಸೋವಿಯತ್ ಕಾಲದಲ್ಲಿ ಅವರು ಶಾಲೆಯ ಟೀಚರ್. ಚರ್ಚಿನಲ್ಲಿ ಕಾಣಿಸಿಕೊಂಡರೆ ಕೆಲಸಕ್ಕೇ ಕುತ್ತು. ಹಾಗಾಗಿ ಸಾಮೂಹಿಕ ಬೇಸಾಯದವರ ಕ್ವಾಯರ್ ಸೇರಿದರು. ಚರ್ಚಿನಲ್ಲಿ ಕಲಿತ ಆಲ್ಟೋ, ಅಂದರೆ ಹೆಂಗಸರ ಕೆಳದನಿಯನ್ನು ಅಲ್ಲಿ ಹಾಡಿದರು.

ಅದನ್ನು ಕೇಳಿದ ಮೇಲೆ ಹಬ್ಬದ ಹುಟ್ಟು ನನಗೆ ಬೇರೆಯೇ ಆಗಿ ಕಂಡಿತು. ಮೊದಲ ಹಬ್ಬ ನಡೆದದ್ದು 1869ರಲ್ಲಿ, ತಾರ್ತು ಊರಲ್ಲಿ. ಈಗಿನ ದಕ್ಷಿಣ ಎಸ್ಟೋನಿಯಾ ಸೇರಿದ್ದ ಲಿವೋನಿಯಾ ಪ್ರಾಂತ್ಯದ ರೈತರು ಜೀತದಿಂದ ಬಿಡುಗಡೆಯಾಗಿ ಐವತ್ತು ವರ್ಷವಾಗಿತ್ತು. ಪತ್ರಿಕೆ ನಡೆಸುತ್ತಿದ್ದ ಯಾನ್ಸೆನ್ ಅದರ ನೆನಪಿಗೆ ಈ ಹಬ್ಬವನ್ನು ಮುಂದೆ ನಿಂತು ಮಾಡಿಸಿದರು. ಹಾಡಿದವರು ಸಾವಿರಕ್ಕೂ ಕಡಿಮೆ ಜನ, ಎಲ್ಲರೂ ಗಂಡಸರೇ. ಹಳ್ಳಿಗಳಲ್ಲಿ ಅವರಿಗೆ ನಾಲ್ಕು ದನಿಗಳಲ್ಲಿ ಹಾಡಲು ಕಲಿಸಿದವರು ಹೆಚ್ಚಾಗಿ ಚರ್ಚಿನ ಪಾಠಕರು ಮತ್ತು ಶಾಲೆಯ ಮೇಷ್ಟ್ರುಗಳು. ಮೊದಲ ದಿನದ ಹಾಡುಗಳೆಲ್ಲ ಭಕ್ತಿಗೀತೆಗಳೇ.

"ನಿಮ್ಮ ವೋರು ಮಾತು ಈಗ ಮಕ್ಕಳಿಗೆ ಬರುತ್ತಾ?" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಶಾಲೆಯಲ್ಲಿ ಅದನ್ನು ಆಡಿದರೆ ಬೈಯುತ್ತಿದ್ದರಂತೆ. ಮಗಳಿಗೆ ಅರ್ಥವಾಗುತ್ತದೆ, ಆಡುವುದಿಲ್ಲ. "ಈ ವರ್ಷ ಮೊಮ್ಮಗ ಆ ನುಡಿಯ ಹಾಡನ್ನು ಬಾಯಿಪಾಠ ಮಾಡಿದ್ದಾನೆ. ಮಕ್ಕಳ ಕ್ವಾಯರ್‌ನಲ್ಲಿ ಇದ್ದಾನೆ, ಅಗೋ ಅಲ್ಲಿ." ಮನೆಯಲ್ಲಿ ತುಳು ಆಡುವ ನಾನು ಆ ಕಡೆ ನೋಡಿದೆ. ಸಾವಿರ ಮಕ್ಕಳ ನಡುವೆ ಯಾರೆಂದು ಗೊತ್ತಾಗಲಿಲ್ಲ. ಆದರೆ ಅವರಿಗೆ ಗೊತ್ತಿತ್ತು.

ಇನ್ನು ಹೋಗುವವರಿಗೆ ಒಂದೆರಡು ಮಾತು. ಭಾನುವಾರದ ಟಿಕೆಟ್ ವಾರಗಟ್ಟಲೆ ಮುಂಚೆಯೇ ಮುಗಿದಿತ್ತು, ಬೇಗ ತೆಗೆದುಕೊಳ್ಳಿ. ಕೋಣೆಯ ವಿಷಯದಲ್ಲಂತೂ ನನಗೆ ಇನ್ನೂ ಸಿಟ್ಟಿದೆ. ತಿಂಗಳುಗಳ ಹಿಂದೆ ಹಣ ಕಟ್ಟಿ ಹಿಡಿದಿದ್ದ ಕೋಣೆಯನ್ನು ಅದರ ಮಾಲೀಕರು ಹಬ್ಬ ಹತ್ತಿರ ಬಂದಾಗ "ರಿಪೇರಿ ಇದೆ" ಅಂತ ರದ್ದು ಮಾಡಿದರು. ಮರುದಿನ ಅದೇ ಕೋಣೆ ದುಪ್ಪಟ್ಟು ಬೆಲೆಗೆ ಕಾಣಿಸಿತು. ಹಣ ವಾಪಸ್ ಬಂತು, ಆದರೆ ಆ ಹೊತ್ತಿಗೆ ಊರಲ್ಲಿ ಎಲ್ಲೂ ಜಾಗ ಇರಲಿಲ್ಲ. ಆಮೇಲೆ ಸಿಕ್ಕಿದ್ದು ಊರಾಚೆಯ ಕೋಣೆ. ಹಾಗಾಗಿ ಸ್ವಾಗತ ಮೇಜು ಇರುವ ಹೋಟೆಲನ್ನೇ ಹಿಡಿಯಿರಿ. ಕೊಡೆ ಬಿಚ್ಚಿದರೆ ಹಿಂದಿನವರಿಗೆ ವೇದಿಕೆ ಕಾಣುವುದಿಲ್ಲ, ಮಳೆ ಅಂಗಿ ಒಯ್ಯಿರಿ.

ಕೊನೆಯ ಹಾಡು "ಮು ಇಸಾಮಾ ಒನ್ ಮಿನು ಆರ್ಮ್", ಅಂದರೆ "ನನ್ನ ನಾಡೇ ನನ್ನ ಪ್ರೀತಿ". ಯಾನ್ಸೆನ್ ಮಗಳು ಲಿಡಿಯಾ ಕೊಯ್ದುಲಾ ಬರೆದ ಪದ್ಯಕ್ಕೆ ಗುಸ್ತಾವ್ ಎರ್ನೆಸಾಕ್ಸ್ 1944ರಲ್ಲಿ ರಾಗ ಹಾಕಿದರು. 1947ರ ಹಬ್ಬದಲ್ಲಿ ಹಾಡಿದ ಮೇಲೆ ಸೋವಿಯತ್ ಸರ್ಕಾರ ಅದನ್ನು ಪಟ್ಟಿಯಿಂದ ಕೈಬಿಟ್ಟಿತು. 1960ರಲ್ಲಿ ಕ್ವಾಯರ್‌ನವರೇ, ಯಾರೂ ಹೇಳದೆ, ಕಾರ್ಯಕ್ರಮದ ಕೊನೆಗೆ ಅದನ್ನು ಎತ್ತಿಕೊಂಡರು. ಈಗ ಅದಿಲ್ಲದೆ ಹಬ್ಬ ಮುಗಿಯುವುದಿಲ್ಲ. ಹಾಡು ಶುರುವಾದಾಗ ಇಳಿಜಾರಿನ ಜನವೆಲ್ಲ ಎದ್ದು ನಿಂತರು. ವೇದಿಕೆ ಯಾವುದು, ಪ್ರೇಕ್ಷಕರು ಯಾರು ಅಂತ ಆಗ ಹೇಳುವುದು ಕಷ್ಟವಾಗಿತ್ತು. ನನ್ನ ಹಿಂದಿದ್ದ ಮುದುಕರೊಬ್ಬರು ಕೆಳದನಿಯ ಸಾಲನ್ನು ಒಂದು ಸ್ವರವೂ ತಪ್ಪದೆ ಹಾಡಿದರು. ನಾನು ಅತ್ತೆ.

ಹೊರಡುವಾಗ ಗೇಟಿನ ಹತ್ತಿರ ಆ ವೋರು ಹೆಂಗಸು ಮತ್ತೆ ಸಿಕ್ಕರು. ಅವರ ತಂಡ ಬಸ್ಸಿಗೆ ಕಾಯುತ್ತಿತ್ತು. ಇನ್ನು ವಿಶ್ರಾಂತಿಯಾ ಅಂತ ಕೇಳಿದ್ದಕ್ಕೆ, ಸೆಪ್ಟೆಂಬರಿನಲ್ಲಿ ಮತ್ತೆ ಅಭ್ಯಾಸ ಶುರು ಅಂದರು. ಚರ್ಚಿನ ಕ್ವಾಯರ್‌ಗೆ ಇಬ್ಬರು ಆಲ್ಟೋ ಬೇಕಂತೆ, ಊರಲ್ಲಿ ಹುಡುಕುತ್ತಿದ್ದಾರೆ.